ಪಟ್ಟ ಒಲ್ಲದ ಅರಸನ ರಾಜ್ಯ

ನಮ್ಮ ಸಭೆಗಳಲ್ಲಿ ದೇವರ ರಾಜ್ಯ ಎಂಬ ಮಾತು ಹೆಚ್ಚಾಗಿ ಕೇಳಿಬರುವುದು ಶವಸಂಸ್ಕಾರದ ಆರಾಧನೆಯಲ್ಲಿ. ತೀರಿಕೊಂಡವರು ಆ ರಾಜ್ಯವನ್ನು ಸೇರಿದ್ದಾರೆಂದು ಸಭಾಪಾಲಕರು ಸಮಾಧಾನ ಹೇಳುತ್ತಾರೆ, ನೆರೆದವರು ಆಮೆನ್ ಅನ್ನುತ್ತಾರೆ. ಅಗಲಿದವರ ಕುರಿತಾದ ಈ ನಿರೀಕ್ಷೆ ಕ್ರೈಸ್ತ ವಿಶ್ವಾಸಕ್ಕೆ ಸೇರಿದ್ದೇ ಹೌದು, ಅದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಆದರೆ ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ ಹೋದರೆ ಯೇಸುಸ್ವಾಮಿ ಈ ರಾಜ್ಯವನ್ನು ಕುರಿತು ಆಡಿದ ಮಾತುಗಳಲ್ಲಿ ಬಹುಪಾಲು ಸತ್ತವರು ಹೋಗಿ ಸೇರುವ ಸ್ಥಳದ ಬಗ್ಗೆ ಅಲ್ಲ, ಬದುಕಿರುವವರ ನಡುವೆ ಬಂದಿರುವ ಮತ್ತು ಇನ್ನೂ ಬರಲಿರುವ ಆಳ್ವಿಕೆಯ ಬಗ್ಗೆ ಎಂಬುದು ಯಾರ ಗಮನಕ್ಕಾದರೂ ಬರುತ್ತದೆ. ಆತನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯೂ ನಮ್ಮನ್ನು ನಿನ್ನ ರಾಜ್ಯಕ್ಕೆ ಕರೆದುಕೋ ಎಂದು ಬೇಡುವುದಿಲ್ಲ, ನಿನ್ನ ರಾಜ್ಯವು ಬರಲಿ ಎಂದು ಬೇಡುತ್ತದೆ, ಮತ್ತು ಅದು ಬರಬೇಕಾದ ಸ್ಥಳವನ್ನು ಭೂಲೋಕ ಎಂದು ಸ್ಪಷ್ಟವಾಗಿಯೇ ಹೇಳುತ್ತದೆ.

ಈ ವಿಷಯದಲ್ಲಿ ನಮ್ಮ ಬೋಧನೆ ಸೊರಗಿರುವುದಕ್ಕೆ ಒಂದು ಕಾರಣ ನನಗೆ ತೋಚುತ್ತದೆ. ನಾವು ಕ್ರಿಸ್ತಜಯಂತಿಯಲ್ಲಿ ಆತನ ಜನನವನ್ನೂ ಶುಭ ಶುಕ್ರವಾರದಲ್ಲಿ ಆತನ ಮರಣವನ್ನೂ ವಿಸ್ತಾರವಾಗಿ ಧ್ಯಾನಿಸುತ್ತೇವೆ, ಆದರೆ ಇವೆರಡರ ನಡುವಿನ ಬದುಕನ್ನು ನೀತಿಕಥೆಗಳ ಭಂಡಾರದಂತೆ ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುತ್ತೇವೆ. ಪ್ರತಿ ಭಾನುವಾರ ನಾವು ಹೇಳುವ ಅಪೊಸ್ತಲರ ವಿಶ್ವಾಸ ಪ್ರಮಾಣವೂ ಕನ್ಯೆಯಾದ ಮರಿಯಳಲ್ಲಿ ಹುಟ್ಟಿದನೆಂದು ಹೇಳಿದ ಮರುಕ್ಷಣವೇ ರೋಮನ್ ಅಧಿಪತಿ ಪಿಲಾತನ ಕಾಲದಲ್ಲಿ ಬಾಧೆಪಟ್ಟನೆಂಬ ಮಾತಿಗೆ ಜಿಗಿಯುತ್ತದೆ. ಸುವಾರ್ತೆಗಳನ್ನು ಬರೆದವರು ಹಾಗೆ ಜಿಗಿಯಲಿಲ್ಲ. ಅವರ ದೃಷ್ಟಿಯಲ್ಲಿ ಆತನ ಬದುಕೇ ರಾಜ್ಯದ ವಿವರಣೆ. ದೇವರು ಆಳುವುದೆಂದರೆ ಹೇಗೆ ಎಂಬ ಪ್ರಶ್ನೆಗೆ ಅವರು ಸಿದ್ಧಾಂತವನ್ನು ಬರೆಯದೆ ಆತನು ಎಲ್ಲಿ ನಡೆದನು, ಯಾರೊಂದಿಗೆ ಊಟಮಾಡಿದನು, ಏನನ್ನು ನಿರಾಕರಿಸಿದನು, ಯಾವ ಆರೋಪದ ಮೇಲೆ ಸತ್ತನು ಎಂಬುದನ್ನು ಬರೆದಿಟ್ಟರು. ಅವುಗಳಲ್ಲಿ ನಿರಾಕರಣೆಯ ಎಳೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ.

ಯೇಸು ಬೆಳೆದ ಉತ್ತರದ ಸೀಮೆಯಾದ ಗಲಿಲಾಯದಲ್ಲಿ ಆ ಕಾಲಕ್ಕೆ ರಾಜ್ಯ ಎಂಬುದು ಭಕ್ತಿಗೀತೆಯ ಮಾತಾಗಿರಲಿಲ್ಲ. ರೋಮನರ ಕೃಪೆಯಿಂದ ಯೆಹೂದ್ಯರ ಅರಸನೆಂಬ ಬಿರುದು ಪಡೆದಿದ್ದ ಮಹಾ ಹೆರೋದನು ಕ್ರಿ. ಪೂ. 4ರಲ್ಲಿ ಸತ್ತಾಗ ನಾಡಿನ ಹಲವೆಡೆ ದಂಗೆಗಳೆದ್ದವು. ನಜರೇತಿನಿಂದ ಸುಮಾರು ಆರು ಕಿಲೋಮೀಟರ್ ದೂರದ ಸೆಫೋರಿಸ್ ಪಟ್ಟಣದಲ್ಲಿ ದಂಗೆಕೋರರು ಅರಸನ ಆಯುಧಶಾಲೆಯನ್ನು ಲೂಟಿ ಮಾಡಿದರು. ಸಿರಿಯದ ರೋಮನ್ ಅಧಿಪತಿಯಾದ ವಾರಸನ ಸೇನೆ ಆ ಪಟ್ಟಣವನ್ನು ಸುಟ್ಟು ಅಲ್ಲಿಯ ಜನರನ್ನು ಗುಲಾಮರನ್ನಾಗಿ ಮಾರಿತೆಂದೂ, ಮುಂದೆ ಸುಮಾರು 2,000 ಮಂದಿಯನ್ನು ಶಿಲುಬೆಗೇರಿಸಿತೆಂದೂ ಯೆಹೂದ್ಯ ಇತಿಹಾಸಕಾರ ಜೋಸೀಫಸನು ದಾಖಲಿಸಿದ್ದಾನೆ. ಯೇಸು ಬೆಳೆದದ್ದು ಈ ಬೂದಿಯ ನೆರೆಯಲ್ಲಿ. ಹೆರೋದನ ಮಗನಾದ ಅಂತಿಪನು ಸೆಫೋರಿಸನ್ನು ಮತ್ತೆ ಕಟ್ಟಿಸಿದನು, ಅಷ್ಟಕ್ಕೇ ನಿಲ್ಲದೆ ಸುಮಾರು ಕ್ರಿ. ಶ. 20ರ ಹೊತ್ತಿಗೆ ಗಲಿಲಾಯ ಸಮುದ್ರದ ದಡದಲ್ಲಿ ಚಕ್ರವರ್ತಿ ತಿಬೇರಿಯನ ಹೆಸರಿನಲ್ಲಿ ತಿಬೇರಿಯ ಎಂಬ ಹೊಸ ರಾಜಧಾನಿಯನ್ನೂ ಎಬ್ಬಿಸಿದನು. ಈ ಕಟ್ಟಡಗಳಿಗೆ ಹಣ ಎಲ್ಲಿಂದ ಬಂತೆಂಬುದನ್ನು ಮೀನುಗಾರರಿಗೂ ರೈತರಿಗೂ ಯಾರೂ ವಿವರಿಸಬೇಕಾಗಿರಲಿಲ್ಲ. ಯೆರೂಸಲೇಮ್ ಇರುವ ದಕ್ಷಿಣದ ಸೀಮೆಯಾದ ಯೂದಾಯದಲ್ಲಿ ಕ್ರಿ. ಶ. 6ರಿಂದ ರೋಮನ್ ಅಧಿಪತಿಗಳ ನೇರ ಆಡಳಿತವಿತ್ತು, ಮತ್ತು ಅದೇ ವರ್ಷ ತೆರಿಗೆಗಾಗಿ ನಡೆದ ಜನಗಣತಿಯನ್ನು ವಿರೋಧಿಸಿ ಗಲಿಲಾಯದ ಯೂದನೆಂಬವನು ದೇವರೊಬ್ಬನೇ ನಮಗೆ ಅರಸನೆಂಬ ಘೋಷಣೆಯೊಂದಿಗೆ ಜನರನ್ನು ಎಬ್ಬಿಸಿದ್ದನು.

ಈ ನೆನಪುಗಳೆಲ್ಲ ಇನ್ನೂ ಆರದಿದ್ದ ನೆಲದಲ್ಲಿ ಒಬ್ಬ ಬಡಗಿಯ ಮಗನು ನಿಂತು ಕಾಲ ತುಂಬಿದೆ, ದೇವರ ರಾಜ್ಯ ಸಮೀಪಿಸಿದೆ ಎಂದು ಸಾರಿದಾಗ ಕೇಳುಗರ ಎದೆ ಹೇಗೆ ಬಡಿದುಕೊಂಡಿರಬಹುದೆಂಬುದನ್ನು ನಾವು ಊಹಿಸಬಹುದು. ಸುವಾರ್ತೆ ಬರೆದ ಮಾರ್ಕನು ಈ ಸಾರುವಿಕೆಯ ಸಮಯವನ್ನೂ ಸೂಕ್ಷ್ಮವಾಗಿ ಗುರುತಿಸುತ್ತಾನೆ: ಅದು ಸ್ನಾನಿಕನಾದ ಯೋಹಾನನು ಸೆರೆಯಾದ ಮೇಲೆ. ಹಾಗೆ ಸೆರೆಹಿಡಿಸಿದವನು ಅಂತಿಪನೇ. ಅಂದರೆ ಒಬ್ಬ ಪ್ರವಾದಿಯನ್ನು ಬಾಯಿಮುಚ್ಚಿಸಿದ ಆಳ್ವಿಕೆಯ ಅಂಗಳದಲ್ಲಿಯೇ ಮತ್ತೊಂದು ಆಳ್ವಿಕೆಯ ಸುದ್ದಿ ಮೊಳಗಿತು. ಆದರೂ ಸುವಾರ್ತೆಗಳಲ್ಲಿ ಯೇಸು ಸೆಫೋರಿಸಿಗೆ ಹೋದನೆಂದಾಗಲಿ ತಿಬೇರಿಯದೊಳಗೆ ಕಾಲಿಟ್ಟನೆಂದಾಗಲಿ ಒಂದು ಮಾತೂ ಇಲ್ಲ. ಆತನು ಸುತ್ತಿದ್ದು ಕಪೆರ್ನೌಮ್, ಬೇತ್ಸಾಯಿದ, ಖೊರಾಜಿನ್, ನಾಯಿನ್, ಕಾನಾ ಮುಂತಾದ ಸಣ್ಣ ಊರುಗಳನ್ನು. ಅರಮನೆಯಿಂದ ಆತನ ಬಳಿಗೆ ಬಂದವರು ಇರಲಿಲ್ಲವೆಂದಲ್ಲ, ಹೆರೋದ ಅಂತಿಪನ ಮನೆವಾರ್ತೆಯವನಾದ ಕೂಜನ ಹೆಂಡತಿ ಯೋಹಾನಳು ಆತನನ್ನು ಹಿಂಬಾಲಿಸಿ ತನ್ನ ಆಸ್ತಿಯಿಂದ ಉಪಚರಿಸಿದಳೆಂದು ಲೂಕನು ಬರೆದಿದ್ದಾನೆ. ಆತನು ಮಾತ್ರ ಅರಮನೆಗಳ ಕಡೆಗೆ ಹೋಗಲಿಲ್ಲ.

ನಜರೇತಿನ ಸಭಾಮಂದಿರದಲ್ಲಿ ನಡೆದದ್ದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಲೂಕನ ನಾಲ್ಕನೆಯ ಅಧ್ಯಾಯದ ಪ್ರಕಾರ ಆತನಿಗೆ ಪ್ರವಾದಿಯಾದ ಯೆಶಾಯನ ಸುರುಳಿಯನ್ನು ಕೊಡಲಾಯಿತು. ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ, ಕುರುಡರಿಗೆ ಕಣ್ಣು, ಜಜ್ಜಿಹೋದವರಿಗೆ ಬಿಡುಗಡೆ, ಕರ್ತನ ಪ್ರಸನ್ನತೆಯ ವರ್ಷ ಎಂಬ ಭಾಗವನ್ನು ಆತನು ಓದಿದನು. ಪ್ರಸನ್ನತೆಯ ವರ್ಷವೆಂದಾಗ ಯೆಹೂದ್ಯ ಕೇಳುಗರಿಗೆ ಯಾಜಕಕಾಂಡದ ಜೂಬಿಲಿ ಸಂವತ್ಸರ ನೆನಪಾಗದೆ ಇರುವುದು ಸಾಧ್ಯವಿರಲಿಲ್ಲ. ಐವತ್ತನೆಯ ವರ್ಷದಲ್ಲಿ ಮಾರಿಹೋದ ಹೊಲ ಮೊದಲಿನ ಮನೆತನಕ್ಕೆ ಹಿಂದಿರುಗಬೇಕು, ಸಾಲದಿಂದ ಆಳಾದವನು ಬಿಡುಗಡೆ ಹೊಂದಿ ತನ್ನವರ ಬಳಿಗೆ ಹೋಗಬೇಕೆಂಬ ವಿಧಿ ಅದು. ಆದರೆ ಓದುವವನು ಒಂದು ಸಾಲಿನ ನಡುವೆಯೇ ನಿಂತುಬಿಟ್ಟನು. ಯೆಶಾಯನ ಗ್ರಂಥದಲ್ಲಿ ಪ್ರಸನ್ನತೆಯ ವರ್ಷದ ಬೆನ್ನಿಗೇ ನಮ್ಮ ದೇವರ ಮುಯ್ಯಿ ತೀರಿಸುವ ದಿನದ ಮಾತಿದೆ, ಆ ಮಾತು ಬರುವ ಮೊದಲೇ ಆತನು ಸುರುಳಿಯನ್ನು ಸುತ್ತಿ ಪರಿಚಾರಕನಿಗೆ ಕೊಟ್ಟು ಕುಳಿತುಕೊಂಡನು.

ಆ ನಿಲುಗಡೆ ಆಕಸ್ಮಿಕವಲ್ಲವೆಂಬುದಕ್ಕೆ ಮುಂದಿನ ಮಾತುಗಳೇ ಸಾಕ್ಷಿ. ಎಲೀಯನ ಕಾಲದಲ್ಲಿ ಬರ ಬಿದ್ದಾಗ ಇಸ್ರಾಯೇಲಿನಲ್ಲಿ ಎಷ್ಟೋ ವಿಧವೆಯರಿದ್ದರೂ ಪ್ರವಾದಿಯು ಸೀದೋನಿಗೆ ಸೇರಿದ ಸರೆಪ್ತದ ವಿಧವೆಯ ಮನೆಗೆ ಹೋದನು. ಎಲೀಷನ ಕಾಲದಲ್ಲಿ ಎಷ್ಟೋ ಕುಷ್ಠರೋಗಿಗಳಿದ್ದರೂ ಶುದ್ಧನಾದವನು ಸಿರಿಯದ ಸೇನಾಪತಿ ನಾಮಾನನು. ಇಬ್ಬರೂ ಅನ್ಯರು, ನಾಮಾನನಂತೂ ಶತ್ರುಸೇನೆಯ ನಾಯಕ. ಶತ್ರುವಿಗೆ ದಂಡನೆ ಇಲ್ಲದ, ಶತ್ರುವಿನ ಕುಷ್ಠವನ್ನೂ ಗುಣಪಡಿಸುವ ಬಿಡುಗಡೆಯನ್ನು ಕೇಳಿ ಊರಿನವರು ಕೋಪದಿಂದ ತುಂಬಿ ಆತನನ್ನು ಗುಡ್ಡದ ಅಂಚಿನಿಂದ ದೊಬ್ಬಲು ಎಳೆದೊಯ್ದರು. ನಾವು ಅವರನ್ನು ಸುಲಭವಾಗಿ ದೂಷಿಸುತ್ತೇವೆ. ಸೆಫೋರಿಸಿನ ಹೊಗೆಯನ್ನು ಕಂಡಿದ್ದ ಅಥವಾ ಅದರ ಕಥೆಯನ್ನು ತಂದೆತಾಯಿಯಿಂದ ಕೇಳಿದ್ದ ಜನರಿಗೆ ಮುಯ್ಯಿಯಿಲ್ಲದ ರಾಜ್ಯ ಎಂಬುದು ರಾಜ್ಯವೇ ಅಲ್ಲವೆಂದು ತೋರಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇಂಥ ಆಳ್ವಿಕೆ ಹೇಗಿರುತ್ತದೆಂದು ವಿವರಿಸಲು ಆತನು ಬಳಸಿದ್ದು ಸಾಮ್ಯಗಳನ್ನು, ಅಂದರೆ ಹೋಲಿಕೆಯ ಕಥೆಗಳನ್ನು. ಸಾಸಿವೆ, ಹುಳಿಹಿಟ್ಟು, ತಾನಾಗಿ ಬೆಳೆಯುವ ಬೀಜ, ಹೊಲದಲ್ಲಿ ಹೂತಿಟ್ಟ ದ್ರವ್ಯ, ಬಲೆ ಎಲ್ಲವೂ ನಮಗೆ ಚಿಕ್ಕಂದಿನಿಂದ ಪರಿಚಿತ. ಅವುಗಳಲ್ಲಿ ಲೆಕ್ಕದ ಸಾಮ್ಯಗಳು, ಅಂದರೆ ಹಣ ಮತ್ತು ಕೂಲಿಯ ಮಾತು ಬರುವ ಸಾಮ್ಯಗಳು, ಅಷ್ಟಾಗಿ ಬೋಧನೆಗೆ ಬರುವುದಿಲ್ಲ. ಬಂದರೂ ನಾವು ಅವುಗಳ ಲೆಕ್ಕವನ್ನು ಬಿಟ್ಟು ನೀತಿಯನ್ನು ಮಾತ್ರ ಎತ್ತಿಕೊಳ್ಳುತ್ತೇವೆ, ಇದು ದೊಡ್ಡ ನಷ್ಟ.

ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿ ಒಬ್ಬ ಅರಸನಿಗೆ ಅವನ ಸೇವಕನೊಬ್ಬನು ಹತ್ತು ಸಾವಿರ ತಲಾಂತು ಸಾಲ ಕೊಡಬೇಕಾಗಿರುತ್ತದೆ. ಒಂದು ತಲಾಂತೆಂದರೆ ಸುಮಾರು 6,000 ದಿನಾರಿ, ಒಂದು ದಿನಾರಿ ಎಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ಹೀಗೆ ಆ ಸಾಲ ಆರು ಕೋಟಿ ದಿನಗಳ ಕೂಲಿಯಾಗುತ್ತದೆ, ವರ್ಷಗಳಲ್ಲಿ ಹೇಳುವುದಾದರೆ ಒಂದೂವರೆ ಲಕ್ಷಕ್ಕೂ ಹೆಚ್ಚು. ಜೋಸೀಫಸನ ಪ್ರಕಾರ ಅಂತಿಪನಿಗೆ ಗಲಿಲಾಯ ಮತ್ತು ಪೆರೆಯ ಎರಡೂ ಸೀಮೆಗಳಿಂದ ವರ್ಷಕ್ಕೆ ಬರುತ್ತಿದ್ದ ಆದಾಯ 200 ತಲಾಂತು, ಅಂದರೆ ಈ ಸೇವಕನ ಸಾಲ ಇಡೀ ಗಲಿಲಾಯ ಮತ್ತು ಪೆರೆಯಗಳ ಐವತ್ತು ವರ್ಷಗಳ ಕಂದಾಯಕ್ಕೆ ಸಮ. ಕೇಳುಗರು ಮೊದಲು ನಕ್ಕಿರಬೇಕು, ಅಷ್ಟು ಸಾಲ ಯಾರಿಗಾದರೂ ಹುಟ್ಟುವುದುಂಟೇ ಎಂದು. ಸ್ವಲ್ಪ ತಾಳಿಕೋ, ಎಲ್ಲವನ್ನೂ ತೀರಿಸುತ್ತೇನೆ ಎಂದು ಆ ಸೇವಕನು ಅಡ್ಡಬಿದ್ದಾಗ ಇನ್ನೂ ಹೆಚ್ಚು ನಕ್ಕಿರಬೇಕು. ಅರಸನು ಅವನಿಗೆ ಗಡುವು ಕೊಡಲಿಲ್ಲ, ಕಂತು ಕಟ್ಟಲೂ ಹೇಳಲಿಲ್ಲ, ಸಾಲವನ್ನೇ ಬಿಟ್ಟುಬಿಟ್ಟನು. ಆಚೆಗೆ ಬಂದ ಸೇವಕನು ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಸೇವಕನ ಕುತ್ತಿಗೆ ಹಿಸುಕಿದನು. ನೂರು ದಿನಾರಿ ಅಲ್ಪವಲ್ಲ, ಅದು ಮೂರು ತಿಂಗಳಿಗೂ ಮೀರಿದ ಕೂಲಿ. ಜೊತೆಸೇವಕನ ಸಾಲ ನಿಜವಾದ ಸಾಲವೇ. ನಮಗೆ ಬೇರೆಯವರು ಮಾಡಿದ ಅನ್ಯಾಯ ಏನೂ ಅಲ್ಲವೆಂದು ಯೇಸು ಹೇಳಲಿಲ್ಲ. ಆದರೆ ಈ ರಾಜ್ಯದೊಳಗೆ ಬದುಕುವವನು ಯಾವ ಲೆಕ್ಕದ ಪುಸ್ತಕದಿಂದ ತನ್ನ ಹೆಸರು ಅಳಿಸಲ್ಪಟ್ಟಿತೋ ಅದೇ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಇನ್ನೊಬ್ಬನ ಮನೆ ಬಾಗಿಲಿಗೆ ಹೋಗಲಾರನು.

ಇನ್ನೊಂದು ದ್ರಾಕ್ಷೇತೋಟದ ಕೂಲಿಯವರ ಸಾಮ್ಯ. ನಸುಕಿನಲ್ಲಿ ಕರೆಯಲ್ಪಟ್ಟವರಿಗೂ ಸಂಜೆ ಐದು ಗಂಟೆಗೆ ಕರೆಯಲ್ಪಟ್ಟವರಿಗೂ ಯಜಮಾನನು ಒಂದೊಂದೇ ದಿನಾರಿ ಕೊಟ್ಟದ್ದನ್ನು ಕುರಿತು ಬೋಧಕರು ಪಶ್ಚಾತ್ತಾಪಕ್ಕೆ ಸಮಯದ ಮಿತಿಯಿಲ್ಲವೆಂಬ ಪಾಠವನ್ನು ಹೇಳುತ್ತಾರೆ, ಅದೂ ಸರಿಯೇ. ಆದರೆ ಬೆಳಗಿನ ಹೊತ್ತು ನಮ್ಮ ಪಟ್ಟಣಗಳ ಸರ್ಕಲ್ಲುಗಳಲ್ಲಿ ಗಾರೆಕೆಲಸದ ಸಲಕರಣೆ ಹಿಡಿದು ನಿಲ್ಲುವವರನ್ನು ಕಂಡವರಿಗೆ ಈ ಸಾಮ್ಯ ಬೇರೆಯೇ ರೀತಿಯಲ್ಲಿ ಕೇಳುತ್ತದೆ. ಗಟ್ಟಿಮುಟ್ಟಾದವರನ್ನು ಮೇಸ್ತ್ರಿಗಳು ಮೊದಲು ಆರಿಸಿಕೊಂಡು ಹೋಗುತ್ತಾರೆ, ವಯಸ್ಸಾದವರೂ ಬಡಕಲಾದವರೂ ಮಧ್ಯಾಹ್ನದವರೆಗೂ ಅಲ್ಲಿಯೇ ಉಳಿಯುತ್ತಾರೆ. ಯಾಕೆ ಇಡೀ ದಿನ ಸುಮ್ಮನೆ ನಿಂತಿದ್ದೀರಿ ಎಂದು ಯಜಮಾನನು ಕೇಳಿದ್ದಕ್ಕೆ ಅವರ ಉತ್ತರ ಸೋಮಾರಿಗಳದ್ದಲ್ಲ: ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಒಂದು ದಿನಾರಿ ಒಂದು ಕುಟುಂಬದ ಆ ದಿನದ ಅನ್ನ. ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುವುದು ಸಹ ಬಡವನು ಅದನ್ನೇ ನಂಬಿ ಬದುಕುತ್ತಾನೆಂಬ ಕಾರಣಕ್ಕೇ. ಒಂದು ಗಂಟೆಯ ದುಡಿಮೆಗೆ ತಕ್ಕಂತೆ ಕೊಟ್ಟಿದ್ದರೆ ಆ ಮನೆಯ ಮಕ್ಕಳು ಅಂದು ಹಸಿದು ಮಲಗಬೇಕಿತ್ತು. ಬೆಳಗಿನವರಿಗೆ ಒಪ್ಪಿದ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗಲಿಲ್ಲ, ಅವರ ಆಕ್ಷೇಪ ಇದ್ದದ್ದು ನೀನು ಇವರನ್ನು ನಮಗೆ ಸರಿಸಮ ಮಾಡಿದೆಯಲ್ಲಾ ಎಂಬುದಕ್ಕೆ. ಮೇಲುಕೀಳಿನ ಲೆಕ್ಕದಲ್ಲಿಯೇ ಉಸಿರಾಡುವ ನಮ್ಮ ಸಮಾಜದಲ್ಲಿ, ದುಃಖದಿಂದ ಹೇಳಬೇಕೆಂದರೆ ನಮ್ಮ ಸಭೆಗಳಲ್ಲಿಯೂ, ಈ ಆಕ್ಷೇಪದ ದನಿ ಅಪರಿಚಿತವಲ್ಲ.

ಯೇಸು ಇದನ್ನು ಕಥೆಯಲ್ಲಿ ಮಾತ್ರ ಹೇಳಿ ಬಿಡಲಿಲ್ಲ. ಜನರು ಹೀನವಾಗಿ ಕಾಣುತ್ತಿದ್ದ ಸುಂಕ ವಸೂಲಿಗಾರನಾದ ಲೇವಿಯ ಮನೆಯಲ್ಲಿ ಪಂಕ್ತಿಗೆ ಕುಳಿತನು, ಯೆರಿಕೋವಿನ ಜಕ್ಕಾಯನ ಮನೆಗೆ ಕರೆಯದಿದ್ದರೂ ತಾನಾಗಿಯೇ ಹೋದನು. ಹೊಟ್ಟೆಬಾಕ, ಕುಡುಕ, ಸುಂಕದವರ ಮತ್ತು ಪಾಪಿಗಳ ಗೆಳೆಯ ಎಂಬ ಹೆಸರು ಆತನಿಗೆ ಬಂದದ್ದು ಈ ಊಟಗಳಿಂದಲೇ. ಯಾರೊಂದಿಗೆ ಉಣ್ಣಬಹುದು, ಯಾರೊಂದಿಗೆ ಉಣ್ಣಬಾರದು ಎಂಬುದು ಎಷ್ಟು ಗಂಭೀರವಾದ ವಿಷಯವೆಂದು ನಮ್ಮ ನಾಡಿನವರಿಗೆ ಯಾರೂ ಟಿಪ್ಪಣಿ ಬರೆದು ತಿಳಿಸಬೇಕಾಗಿಲ್ಲ. ರೋಗಗಳನ್ನು ವಾಸಿಮಾಡಿದ್ದು, ದೆವ್ವಗಳನ್ನು ಬಿಡಿಸಿದ್ದು ಸಹ ಇದೇ ಆಳ್ವಿಕೆಯ ಗುರುತುಗಳು. ನಾನು ದೇವರ ಬೆರಳಿನಿಂದ ದೆವ್ವಗಳನ್ನು ಬಿಡಿಸುವುದಾದರೆ ದೇವರ ರಾಜ್ಯವು ನಿಮ್ಮ ಬಳಿಗೆ ಬಂದಿದೆ ಎಂದು ಆತನೇ ಹೇಳಿದನು. ಇವುಗಳನ್ನು ಆತನ ಶಕ್ತಿಯ ಪ್ರದರ್ಶನಗಳೆಂದು ಮಾತ್ರ ಬೋಧಿಸುವವರು ಆತನು ಪ್ರದರ್ಶನಕ್ಕಾಗಿ ಸೂಚಕಕಾರ್ಯ ಕೇಳಿದವರಿಗೆ ಏನನ್ನೂ ತೋರಿಸಲಿಲ್ಲವೆಂಬುದನ್ನು ಮರೆಯುತ್ತಾರೆ.

ಈಗ ನಿರಾಕರಣೆಯ ಮಾತಿಗೆ ಬರುತ್ತೇನೆ. ಸಾರುವ ಕೆಲಸ ಆರಂಭವಾಗುವ ಮೊದಲೇ ಅಡವಿಯಲ್ಲಿ ಸೈತಾನನು ಲೋಕದ ಎಲ್ಲ ರಾಜ್ಯಗಳನ್ನೂ ಅವುಗಳ ವೈಭವವನ್ನೂ ತೋರಿಸಿ ಅಡ್ಡಬೀಳುವುದಾದರೆ ಇವೆಲ್ಲ ನಿನ್ನದೆಂದು ಹೇಳಿದಾಗ ಆತನು ಒಲ್ಲೆನೆಂದನು. ಐದು ಸಾವಿರ ಜನರಿಗೆ ರೊಟ್ಟಿ ಹಂಚಿದ ಮೇಲೆ ಜನರು ತನ್ನನ್ನು ಹಿಡಿದುಕೊಂಡು ಹೋಗಿ ಅರಸನನ್ನಾಗಿ ಮಾಡಬೇಕೆಂದಿದ್ದಾರೆಂದು ತಿಳಿದು ಒಬ್ಬನೇ ಬೆಟ್ಟಕ್ಕೆ ಹೊರಟುಹೋದನೆಂದು ಸುವಾರ್ತೆಗಾರನಾದ ಯೋಹಾನನು ಬರೆಯುತ್ತಾನೆ. ಐಗುಪ್ತದ ದಾಸತ್ವದಿಂದಾದ ಬಿಡುಗಡೆಯನ್ನು ಯೆಹೂದ್ಯರು ನೆನೆಯುವ ಪಸ್ಕ ಹಬ್ಬ ಹತ್ತಿರವಾಗಿದ್ದ, ಹಸಿರು ಹುಲ್ಲಿನ ಮೇಲೆ ಐದು ಸಾವಿರ ಗಂಡಸರು ಹೊಟ್ಟೆತುಂಬಿ ಕುಳಿತಿದ್ದ ಆ ಸಂಜೆ ಒಂದು ಮಾತು ಸಾಕಿತ್ತು, ಗಲಿಲಾಯ ಎದ್ದು ನಿಲ್ಲುತ್ತಿತ್ತು. ಅದೇ ಹೊತ್ತಿನಲ್ಲಿ ಸಮುದ್ರದ ಆಚೆ ದಡದಲ್ಲಿದ್ದ ಅಂತಿಪನ ಕಥೆಯನ್ನೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಅವನಿಗೆ ರೋಮ್ ಕೊಟ್ಟಿದ್ದು ಉಪರಾಜನ ಪದವಿ ಮಾತ್ರ, ತಂದೆಗಿದ್ದ ಅರಸನೆಂಬ ಬಿರುದು ಅವನಿಗೆ ಸಿಗಲಿಲ್ಲ. ಹೆಂಡತಿ ಹೆರೋದ್ಯಳ ಒತ್ತಾಯದಿಂದ ಆ ಬಿರುದನ್ನು ಬೇಡಲು ಕ್ರಿ. ಶ. 39ರಲ್ಲಿ ಚಕ್ರವರ್ತಿ ಕಾಲಿಗುಲನ ಬಳಿಗೆ ಹೋದವನು ದ್ರೋಹದ ಆರೋಪ ಹೊತ್ತು, ಇದ್ದ ಸೀಮೆಯನ್ನೂ ಕಳೆದುಕೊಂಡು, ದೂರದ ಗಾಲ್ ದೇಶಕ್ಕೆ ಗಡೀಪಾರಾದನು. ಪಟ್ಟವನ್ನು ಬೇಡಿ ಹೋದವನಿಗೂ ಪಟ್ಟ ತಾನಾಗಿ ಬಂದಾಗ ಬೆಟ್ಟ ಹತ್ತಿದವನಿಗೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ಇತಿಹಾಸ ಬೇರೆಲ್ಲಿಯೂ ಬರೆದಿಲ್ಲವೆಂದು ನನಗನ್ನಿಸುತ್ತದೆ.

ಶಿಷ್ಯರಿಗೂ ಈ ನಿರಾಕರಣೆ ಅರ್ಥವಾಗಲಿಲ್ಲ. ಯೆರೂಸಲೇಮಿಗೆ ಹೋಗುವ ದಾರಿಯಲ್ಲಿ, ತಾನು ಅಲ್ಲಿ ಕೊಲ್ಲಲ್ಪಡುವೆನೆಂದು ಆತನು ಮೂರನೆಯ ಸಾರಿ ಹೇಳಿದ ಬೆನ್ನಿಗೇ ಜೆಬೆದಾಯನ ಮಕ್ಕಳಾದ ಯಾಕೋಬನೂ ಯೋಹಾನನೂ ಬಂದು ನಿನ್ನ ಮಹಿಮೆಯಲ್ಲಿ ನಮ್ಮಲ್ಲಿ ಒಬ್ಬನು ಬಲಗಡೆ, ಒಬ್ಬನು ಎಡಗಡೆ ಕುಳಿತುಕೊಳ್ಳುವಂತೆ ಮಾಡು ಎಂದು ಕೇಳಿದರು. ಉಳಿದ ಹತ್ತು ಮಂದಿಗೆ ಸಿಟ್ಟು ಬಂದದ್ದು ಆ ಬೇಡಿಕೆ ತಪ್ಪೆಂದಲ್ಲ, ತಾವು ಹಿಂದೆಬಿದ್ದೆವೆಂದು ಎಂದು ನನ್ನ ಗುಮಾನಿ. ಜನಾಂಗಗಳ ಒಡೆಯರು ದೊರೆತನ ನಡಿಸುತ್ತಾರೆ, ನಿಮ್ಮಲ್ಲಿ ಹಾಗಿರಬಾರದು, ಮನುಷ್ಯಕುಮಾರನು ಸೇವೆ ಮಾಡಿಸಿಕೊಳ್ಳಲು ಬಂದವನಲ್ಲ, ಸೇವೆ ಮಾಡಲೂ ಅನೇಕರ ಬಿಡುಗಡೆಗಾಗಿ ಪ್ರಾಣವನ್ನೇ ಕೊಡಲೂ ಬಂದವನು ಎಂಬ ಮಾತು ಅವರಿಗೆ ಸಿಕ್ಕಿದ ಉತ್ತರ. ನಾಲ್ಕೈದು ಅಧ್ಯಾಯಗಳ ನಂತರ ಅದೇ ಮಾರ್ಕನು ಆತನ ಬಲಗಡೆಯಲ್ಲಿ ಒಬ್ಬನು, ಎಡಗಡೆಯಲ್ಲಿ ಒಬ್ಬನು ಎಂದು ಮತ್ತೆ ಬರೆಯುತ್ತಾನೆ. ಆ ಸ್ಥಾನಗಳಲ್ಲಿದ್ದವರು ಶಿಲುಬೆಗೆ ಹಾಕಲ್ಪಟ್ಟ ಇಬ್ಬರು ಕಳ್ಳರು.

ಹಾಗಾದರೆ ಆತನು ಕತ್ತೆಯ ಮೇಲೆ ಯೆರೂಸಲೇಮಿಗೆ ಮಾಡಿದ ಪ್ರವೇಶವೇನು, ಅಲ್ಲಿ ಆತನು ಅರಸನಂತೆ ಬರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಬಂದನು, ಆದರೆ ಯಾವ ಅರಸನಂತೆ ಎಂಬುದನ್ನು ಆತನೇ ಆರಿಸಿಕೊಂಡನು. ಜೆಕರ್ಯನ ಪ್ರವಾದನೆಯಲ್ಲಿ ಕತ್ತೆಯ ಮೇಲೆ ಬರುವ ದೀನನಾದ ಅರಸನು ರಥಗಳನ್ನೂ ಕುದುರೆಗಳನ್ನೂ ಯುದ್ಧದ ಬಿಲ್ಲನ್ನೂ ಇಲ್ಲದಂತೆ ಮಾಡಿ ಜನಾಂಗಗಳಿಗೆ ಸಮಾಧಾನವನ್ನು ಸಾರುತ್ತಾನೆ. ಪಸ್ಕದ ಜನಜಂಗುಳಿಯನ್ನು ಹತೋಟಿಯಲ್ಲಿಡಲು ರೋಮನ್ ಅಧಿಪತಿಗಳು ಸಮುದ್ರತೀರದ ಕೈಸರೈಯದಿಂದ ಸೈನ್ಯದೊಂದಿಗೆ ಯೆರೂಸಲೇಮಿಗೆ ಬರುತ್ತಿದ್ದ ಕಾಲ ಅದು. ಕ್ರಿ. ಶ. 26ರಿಂದ 36ರವರೆಗೆ ಆ ಪದವಿಯಲ್ಲಿದ್ದ ಪಿಲಾತನ ಹೆಸರುಳ್ಳ ಕಲ್ಲೊಂದು 1961ರಲ್ಲಿ ಅದೇ ಕೈಸರೈಯದಲ್ಲಿ ದೊರೆತಿದೆ. ಆ ವಾರದಲ್ಲಿಯೇ ಕೈಸರನಿಗೆ, ಅಂದರೆ ರೋಮ್ ಚಕ್ರವರ್ತಿಗೆ, ತೆರಿಗೆ ಕೊಡಬೇಕೋ ಬಾರದೋ ಎಂಬ ಪ್ರಶ್ನೆ ಬಂದಿತು. ಆತನ ಬಳಿ ನಾಣ್ಯವಿರಲಿಲ್ಲ, ಕೇಳಿದವರ ಬಳಿ ಇತ್ತು. ತಿಬೇರಿಯನ ದಿನಾರಿಯ ಮೇಲೆ ಅವನು ದೈವತ್ವಕ್ಕೇರಿದ ಔಗುಸ್ತನ ಮಗನೆಂದು ಬರೆದಿರುತ್ತಿತ್ತು. ಕೈಸರನದನ್ನು ಕೈಸರನಿಗೆ ಕೊಡಿರಿ, ದೇವರದನ್ನು ದೇವರಿಗೆ ಕೊಡಿರಿ ಎಂಬ ಉತ್ತರವನ್ನು ಲೋಕವನ್ನು ಎರಡು ಸಮಪಾಲು ಮಾಡಿ ಹಂಚಿದ ಒಪ್ಪಂದವೆಂಬಂತೆ ಬಳಸುವವರು ಬಹಳ ಮಂದಿ ಇದ್ದಾರೆ. ಕೈಸರನ ರೂಪವಿರುವುದು ಒಂದು ಬೆಳ್ಳಿಯ ಬಿಲ್ಲೆಯ ಮೇಲೆ, ದೇವರ ರೂಪವಿರುವುದು ಮನುಷ್ಯನ ಮೇಲೆ. ಪಾಲುಗಳು ಸಮವಲ್ಲ.

ಪಿಲಾತನ ಮುಂದೆ ನಡೆದ ವಿಚಾರಣೆಯಲ್ಲಿ ಇಡೀ ಪ್ರಶ್ನೆ ಒಂದೇ ವಾಕ್ಯಕ್ಕೆ ಬಂದು ನಿಂತಿತು: ನೀನು ಯೆಹೂದ್ಯರ ಅರಸನೋ? ನನ್ನ ರಾಜ್ಯವು ಈ ಲೋಕದ್ದಲ್ಲ, ಈ ಲೋಕದ್ದಾಗಿದ್ದರೆ ನನ್ನವರು ಕಾದಾಡುತ್ತಿದ್ದರು ಎಂದು ಆತನು ಹೇಳಿದನು. ಈ ಮಾತಿನ ಮೊದಲರ್ಧವನ್ನು ಮಾತ್ರ ಹಿಡಿದುಕೊಂಡು ಕ್ರಿಸ್ತನ ರಾಜ್ಯಕ್ಕೂ ಕೂಲಿ, ಸಾಲ, ಜಾತಿ, ನ್ಯಾಯ ಇವುಗಳಿಗೂ ಸಂಬಂಧವೇ ಇಲ್ಲವೆಂದು ಹೇಳುವವರಿದ್ದಾರೆ. ಎರಡನೆಯ ಅರ್ಧ ಮೊದಲಿನದನ್ನು ವಿವರಿಸುತ್ತದೆ. ಆ ರಾಜ್ಯ ಈ ಲೋಕಕ್ಕೆ ಸಂಬಂಧಪಡದ್ದೆಂದಲ್ಲ, ಅದು ಈ ಲೋಕದ ರಾಜ್ಯಗಳು ಹುಟ್ಟುವ ರೀತಿಯಲ್ಲಿ, ಅಂದರೆ ಕತ್ತಿಯ ಬಲದಿಂದ ಹುಟ್ಟಿದ್ದಲ್ಲ ಎಂದು ಆತನು ಹೇಳುತ್ತಿದ್ದಾನೆ. ಇತ್ತ ಮುಖ್ಯಯಾಜಕರು ಕೈಸರನೇ ಹೊರತು ನಮಗೆ ಬೇರೆ ಅರಸನಿಲ್ಲ ಎಂದರು. ದೇವರೊಬ್ಬನೇ ಅರಸನೆಂದು ಪ್ರಾರ್ಥಿಸುವ ಜನಾಂಗದ ಯಾಜಕರ ಬಾಯಿಂದ, ಅದೂ ಪಸ್ಕದ ಸಿದ್ಧತೆಯ ದಿನ, ಬಂದ ಮಾತು ಇದು.

ಆಮೇಲೆ ಸಿಪಾಯಿಗಳು ಆತನಿಗೆ ಪಟ್ಟ ಕಟ್ಟಿದರು. ರಾಜವಸ್ತ್ರದ ಬಣ್ಣದ ನಿಲುವಂಗಿ, ಮುಳ್ಳಿನ ಕಿರೀಟ, ಬಲಗೈಯಲ್ಲಿ ರಾಜದಂಡದಂತೆ ಒಂದು ಬೆತ್ತ, ಮೊಣಕಾಲೂರಿ ಜಯಘೋಷ, ಅಣಕದಲ್ಲಿ ಯಾವ ಅಂಗವನ್ನೂ ಅವರು ಬಿಡಲಿಲ್ಲ. ನಜರೇತಿನ ಯೇಸು, ಯೆಹೂದ್ಯರ ಅರಸನು ಎಂಬ ವಿಳಾಸವನ್ನು ಪಿಲಾತನು ಇಬ್ರಿಯ, ಲ್ಯಾಟಿನ್, ಗ್ರೀಕ್ ಮೂರೂ ಭಾಷೆಗಳಲ್ಲಿ ಬರೆಸಿದನು. ಯಾಜಕರು ತಿದ್ದುಪಡಿ ಕೇಳಿದಾಗ ನಾನು ಬರೆದದ್ದು ಬರೆದಾಯಿತು ಅಂದನು. ಅಡವಿಯಲ್ಲಿ, ಹುಲ್ಲುಗಾವಲಿನಲ್ಲಿ ಪಟ್ಟವನ್ನು ಒಲ್ಲದವನು ಇಲ್ಲಿ ಅದನ್ನು ನಿರಾಕರಿಸಲಿಲ್ಲ. ಸುವಾರ್ತೆಗಳನ್ನು ಬರೆದವರು ಈ ವಿವರಗಳನ್ನು ಇಷ್ಟು ಜತನದಿಂದ ಉಳಿಸಿಕೊಂಡದ್ದು ಯಾಕೆಂದರೆ ಅವರ ದೃಷ್ಟಿಯಲ್ಲಿ ಅಣಕಿಸಿದವರು ತಮಗರಿಯದೆಯೇ ನಿಜವನ್ನು ಮಾಡುತ್ತಿದ್ದರು. ಶತ್ರುವಿನಿಂದ ಮುಯ್ಯಿ ತೆಗೆದುಕೊಳ್ಳದೆ ಅವನನ್ನು ಕ್ಷಮಿಸುವ, ಸಾಲವನ್ನು ವಸೂಲಿ ಮಾಡದೆ ತಾನೇ ಹೊರುವ ಅರಸನಿಗೆ ಸಿಂಹಾಸನ ಬೇರೆಲ್ಲಿಯೂ ಇರುವುದು ಸಾಧ್ಯವಿರಲಿಲ್ಲ. ಅಲ್ಲಿ ಅದನ್ನು ಗುರುತಿಸಿದವನು ಪಕ್ಕದಲ್ಲಿದ್ದ ಒಬ್ಬ ಅಪರಾಧಿ ಮಾತ್ರ. ನೀನು ನಿನ್ನ ರಾಜ್ಯವನ್ನು ಪಡೆದು ಬರುವಾಗ ನನ್ನನ್ನು ನೆನಸಿಕೋ ಎಂದು ಅವನು ಬೇಡಿದ್ದನ್ನು ಲೂಕನು ದಾಖಲಿಸಿದ್ದಾನೆ.

ಪುನರುತ್ಥಾನವಿಲ್ಲದಿದ್ದರೆ ಇದೆಲ್ಲ ಒಬ್ಬ ಒಳ್ಳೆಯವನ ಸೋಲಿನ ಕಥೆಯಾಗಿ ಉಳಿಯುತ್ತಿತ್ತು, ಅಥವಾ ಉಳಿಯುತ್ತಲೇ ಇರಲಿಲ್ಲ. ಗಲಿಲಾಯದ ಯೂದನ ಹಿಂಬಾಲಕರು ಚದರಿಹೋದಂತೆ ಇವರೂ ಚದರಿಹೋಗುತ್ತಿದ್ದರು. ದೇವರು ಆತನನ್ನು ಮೂರನೆಯ ದಿನ ಎಬ್ಬಿಸಿದನೆಂಬ ಸಾಕ್ಷಿಯೇ ರಾಜ್ಯದ ಸಾರುವಿಕೆಗೆ ಬುನಾದಿ, ಮತ್ತು ಆ ಸಾಕ್ಷಿಯನ್ನು ಮೊದಲು ತಂದವರು ಆ ಕಾಲದಲ್ಲಿ ಮಾತಿಗೆ ಅಷ್ಟಾಗಿ ಬೆಲೆಯಿರದಿದ್ದ ಹೆಂಗಸರು. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆಯುವಾಗ ಎಲ್ಲ ಶತ್ರುಗಳು ಪಾದದ ಕೆಳಗೆ ಬರುವ ತನಕ ಕ್ರಿಸ್ತನು ಆಳಬೇಕೆಂದೂ ಕಡೆಯ ಶತ್ರುವು ಮರಣವೆಂದೂ ಹೇಳುತ್ತಾನೆ. ಆಳ್ವಿಕೆ ಆರಂಭವಾಗಿದೆ, ಮುಗಿದಿಲ್ಲ. ಶವಸಂಸ್ಕಾರದಲ್ಲಿ ನಾವು ಹೇಳುವ ನಿರೀಕ್ಷೆಯ ನಿಜವಾದ ಜಾಗ ಇದು: ಸತ್ತವರು ತಪ್ಪಿಸಿಕೊಂಡು ಹೋದರೆಂಬುದಲ್ಲ, ಮರಣವೇ ಈ ಅರಸನಿಗೆ ಸೋಲುವುದೆಂಬುದು. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ವಿಶ್ವಾಸ ಪ್ರಮಾಣ ಆತನ ರಾಜ್ಯಕ್ಕೆ ಅಂತ್ಯವಿಲ್ಲವೆಂಬ ಮಾತನ್ನು ಸೇರಿಸಿಕೊಂಡಿದೆ.

ಈ ರಾಜ್ಯವನ್ನು ಸಭೆಯ ಅಧಿಕಾರದೊಂದಿಗೆ ಒಂದೇ ಮಾಡಿದ ಕಾಲಗಳು ಚರಿತ್ರೆಯಲ್ಲಿ ಸಾಕಷ್ಟಿವೆ. ಶಿಲುಬೆಯ ಗುರುತನ್ನು ಧ್ವಜಕ್ಕೆ ಹಾಕಿಕೊಂಡು ಯುದ್ಧಕ್ಕೆ ಹೋದವರು ಪಿಲಾತನಿಗೆ ಕೊಟ್ಟ ಉತ್ತರವನ್ನು ಓದಿಯೇ ಇರಲಿಲ್ಲವೇನೋ. ಅದರ ಎದುರಿಗೆ 1925ರಲ್ಲಿ, ಯೂರೋಪಿನಲ್ಲಿ ಸರ್ವಾಧಿಕಾರಿಗಳು ತಲೆಯೆತ್ತುತ್ತಿದ್ದಾಗ, ಹನ್ನೊಂದನೆಯ ಪಯಸ್ ಜಗದ್ಗುರುಗಳು ಕ್ರಿಸ್ತರಾಜನ ಹಬ್ಬವನ್ನು ಸ್ಥಾಪಿಸಿದ್ದನ್ನೂ ನೆನೆಯಬೇಕು. ನಮ್ಮ ಕಥೋಲಿಕ ದೇವಾಲಯಗಳಲ್ಲಿ ಈಗ ಅದು ಆರಾಧನಾ ವರ್ಷದ ಕಡೆಯ ಭಾನುವಾರ ಬರುತ್ತದೆ. ನಾನು ಪ್ರೊಟೆಸ್ಟೆಂಟ್ ಸಭೆಯವನಾದರೂ ಈ ಹಬ್ಬದ ಒಂದು ವಿಷಯ ನನಗೆ ಬಹಳ ಮೆಚ್ಚಿಗೆ. ಮೂರು ವರ್ಷಗಳ ವಾಚನ ಸರಣಿಯಲ್ಲಿ ಆ ದಿನ ಓದುವ ಸುವಾರ್ತೆ ಒಂದು ವರ್ಷ ಪಿಲಾತನ ವಿಚಾರಣೆ, ಇನ್ನೊಂದು ವರ್ಷ ಶಿಲುಬೆಯ ಮೇಲಿನ ಅಪರಾಧಿಯ ಬೇಡಿಕೆ, ಮತ್ತೊಂದು ವರ್ಷ ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದ ನ್ಯಾಯತೀರ್ಪು. ಆ ತೀರ್ಪಿನಲ್ಲಿ ಸಿಂಹಾಸನದ ಮೇಲೆ ಕುಳಿತ ಅರಸನು ಯಾರಿಗೂ ಸಿದ್ಧಾಂತದ ಪ್ರಶ್ನೆ ಕೇಳುವುದಿಲ್ಲ. ನಾನು ಹಸಿದಿದ್ದೆನು, ಬಾಯಾರಿದ್ದೆನು, ಪರದೇಶಿಯಾಗಿದ್ದೆನು, ಬಟ್ಟೆಯಿಲ್ಲದವನಾಗಿದ್ದೆನು, ರೋಗಿಯಾಗಿದ್ದೆನು, ಸೆರೆಮನೆಯಲ್ಲಿದ್ದೆನು ಎನ್ನುತ್ತಾನೆ. ಎರಡೂ ಕಡೆಯವರು ಯಾವಾಗ ಎಂದು ಆಶ್ಚರ್ಯದಿಂದ ಕೇಳುತ್ತಾರೆ. ಸೇವೆ ಮಾಡಿದವರಿಗೂ ಅರಸನನ್ನು ಕಂಡ ನೆನಪಿಲ್ಲ.

ಪುನರುತ್ಥಾನದ ನಂತರ ನಲವತ್ತು ದಿನ ಆತನು ಶಿಷ್ಯರಿಗೆ ದೇವರ ರಾಜ್ಯದ ವಿಷಯವನ್ನೇ ಹೇಳುತ್ತಿದ್ದನೆಂದು ಲೂಕನದೇ ಇನ್ನೊಂದು ಪುಸ್ತಕವಾದ ಅಪೊಸ್ತಲರ ಕೃತ್ಯಗಳು ಆರಂಭದಲ್ಲಿ ತಿಳಿಸುತ್ತದೆ. ಅಷ್ಟೂ ಕೇಳಿದ ಮೇಲೆ ಅವರು ಕೇಳಿದ ಪ್ರಶ್ನೆ, ಇದೇ ಕಾಲದಲ್ಲಿ ಇಸ್ರಾಯೇಲ್ಯರಿಗೆ ರಾಜ್ಯವನ್ನು ತಿರುಗಿ ಸ್ಥಾಪಿಸಿಕೊಡುವೆಯೋ ಎಂಬುದು. ಆತನು ಅವರನ್ನು ಗದರಿಸಲಿಲ್ಲ. ಕಾಲಗಳನ್ನು ತಿಳಿಯುವುದು ನಿಮ್ಮ ಕೆಲಸವಲ್ಲ, ಯೆರೂಸಲೇಮಿನಿಂದ ಭೂಲೋಕದ ಕಟ್ಟಕಡೆಯವರೆಗೂ ನನಗೆ ಸಾಕ್ಷಿಗಳಾಗುವುದು ನಿಮ್ಮ ಕೆಲಸವೆಂದನು. ಅದೇ ಪುಸ್ತಕದ ಕೊನೆಯ ವಾಕ್ಯ ನಮ್ಮನ್ನು ರೋಮ್ ನಗರಕ್ಕೆ ಕರೆದೊಯ್ಯುತ್ತದೆ. ಕೈಸರನಿಗೆ ಮೊರೆಯಿಟ್ಟು ಅಲ್ಲಿಗೆ ಬಂದ ಕೈದಿ ಪೌಲನು ಕಾವಲಿನಲ್ಲಿಯೇ ತಾನು ಬಾಡಿಗೆಗೆ ಹಿಡಿದ ಮನೆಯಲ್ಲಿ ಎರಡು ವರ್ಷವಿದ್ದು, ಬಂದವರೆಲ್ಲರನ್ನೂ ಸೇರಿಸಿಕೊಂಡು ದೇವರ ರಾಜ್ಯವನ್ನು ಸಾರುತ್ತಿದ್ದನು, ಯಾರೂ ಅಡ್ಡಿಮಾಡಲಿಲ್ಲ. ಅವನ ವಿಚಾರಣೆ ಏನಾಯಿತು, ಕೈಸರನು ಏನು ತೀರ್ಪು ಕೊಟ್ಟನು ಎಂಬುದನ್ನು ಲೂಕನು ಬರೆಯುವ ಗೋಜಿಗೇ ಹೋಗಿಲ್ಲ.